ಜಾಲತಾಣದ ಕೀಲಿಕೈ ವರ್ತಕರ ಬಳಿಯೇ ಇರಲಿ

ಮಳಿಗೆಯ ಬಾಡಿಗೆ ಕರಾರು, ವ್ಯಾಪಾರ ಪರವಾನಗಿ, ವಿದ್ಯುತ್ ಸಂಪರ್ಕ ಇವೆಲ್ಲವನ್ನೂ ಸಂಸ್ಥೆಯ ಹೆಸರಿನಲ್ಲಿಯೇ ಮಾಡಿಸಿಕೊಳ್ಳಲು ಯಾವ ವರ್ತಕರೂ ಮರೆಯುವುದಿಲ್ಲ. ಆದರೆ ಅಂತರಜಾಲದಲ್ಲಿ ಸಂಸ್ಥೆಯ ತಾಣವನ್ನು ತೆರೆಯುವಾಗ ಈ ಎಚ್ಚರ ಕಾಣುವುದಿಲ್ಲ. "ಇದು ತಜ್ಞರ ಕೆಲಸ" ಎಂದು ಎಲ್ಲವನ್ನೂ ಪರಿಚಿತ ಯುವಕರೊಬ್ಬರಿಗೆ ವಹಿಸಿ ಕೈತೊಳೆದುಕೊಳ್ಳುವವರೇ ಹೆಚ್ಚು. ತಾಣದ ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ, ಪಾಸ್‌ವರ್ಡ್ ಯಾರ ಬಳಿಯಿದೆ ಎಂಬ ಪ್ರಶ್ನೆ ಏಳುವುದು ಆ ಯುವಕರು ಬೇರೆ ಊರಿಗೆ ತೆರಳಿದ ನಂತರವೇ. ಅಷ್ಟರಲ್ಲಿ ವಿಸಿಟಿಂಗ್ ಕಾರ್ಡ್, ರಸೀದಿ, ನಾಮಫಲಕಗಳ ಮೇಲೆಲ್ಲ ಅದೇ ವಿಳಾಸ ಮುದ್ರಣವಾಗಿರುತ್ತದೆ.

ಜಾಲತಾಣ ನಿರ್ಮಾಣವು ತಜ್ಞರಿಗೆ ಮಾತ್ರ ಮೀಸಲಾದ ವಿದ್ಯೆಯಲ್ಲ. ಟಿಮ್ ಬರ್ನರ್ಸ್-ಲೀ ಅವರು ರೂಪಿಸಿದ ಮೊದಲ ಜಾಲತಾಣವು 1991ರಲ್ಲಿ ಹೊರಜಗತ್ತಿಗೆ ತೆರೆದುಕೊಂಡಿತು. 1993ರ ಏಪ್ರಿಲ್‌ನಲ್ಲಿ ಸರ್ನ್ ಸಂಸ್ಥೆಯು ಆ ತಂತ್ರಜ್ಞಾನವನ್ನು ಯಾವ ಶುಲ್ಕವೂ ಇಲ್ಲದೆ ಸರ್ವರಿಗೂ ಮುಕ್ತಗೊಳಿಸಿತು. 1999ರಲ್ಲಿ ಬ್ಲಾಗರ್, 2003ರಲ್ಲಿ ವರ್ಡ್‌ಪ್ರೆಸ್ ಬಂದ ಮೇಲೆ ಸಂಕೇತ ಭಾಷೆಯ ಗಂಧವೇ ಇಲ್ಲದ ಗೃಹಿಣಿಯರು, ಶಿಕ್ಷಕರು, ನಿವೃತ್ತ ನೌಕರರು ತಮ್ಮ ಬ್ಲಾಗುಗಳನ್ನು ತಾವೇ ಕಟ್ಟಿ ನಡೆಸಿದರು. ಅವರಿಗೆ ಸಾಧ್ಯವಾದದ್ದು ದಿನನಿತ್ಯ ಖಾತೆ-ಕಿರ್ದಿ ನೋಡುವ ವರ್ತಕರಿಗೆ ಅಸಾಧ್ಯವಾಗಬೇಕಿಲ್ಲ.

ಸಣ್ಣ ಸಂಸ್ಥೆಯೊಂದಕ್ಕೆ ಬೇಕಾದುದು ನಾಲ್ಕೈದು ಪುಟಗಳು ಮಾತ್ರ: ಸಂಸ್ಥೆಯ ಪರಿಚಯ, ಸರಕಿನ ವಿವರ, ದರ ವಿಚಾರಿಸುವ ಬಗೆ, ವಿಳಾಸ ಮತ್ತು ದೂರವಾಣಿ. ಈ ಪುಟಗಳ ತಿರುಳನ್ನು ಯಾವ ತಂತ್ರಜ್ಞರೂ ಒದಗಿಸಲಾರರು. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಡಬ್ಬಿ ಯಾವುದು, ಕಡ್ಡಿ ಯಾವುದು, ಬಣ್ಣಕ್ಕೆ ಹೆಸರಾದ ಈ ಕಾಯಿಯಲ್ಲಿ ಖಾರ ಏಕೆ ಕಡಿಮೆ ಎಂದು ದೂರದ ಖರೀದಿದಾರರಿಗೆ ತಿಳಿಹೇಳಬಲ್ಲವರು ಆ ಮಾಲನ್ನು ಕೈಯಲ್ಲಿ ಹಿಡಿದು ನೋಡುವ ವರ್ತಕರೇ. ಓಡಾಡುವ ಚಿತ್ರಗಳೂ ಮಿನುಗುವ ಅಕ್ಷರಗಳೂ ಇಲ್ಲದಿದ್ದರೆ ನಷ್ಟವಿಲ್ಲ. ಮೊಬೈಲಿನಲ್ಲಿ ಬೇಗ ತೆರೆದುಕೊಳ್ಳದ, ದೂರವಾಣಿ ಸಂಖ್ಯೆಯನ್ನು ಹುಡುಕಬೇಕಾದ ತಾಣದಿಂದ ಮಾತ್ರ ಗಿರಾಕಿಗಳು ಹಿಂದಿರುಗುತ್ತಾರೆ.

ಕನ್ನಡದ ಬಳಕೆಯಲ್ಲಿಯೂ ಒಂದು ಎಚ್ಚರ ಅಗತ್ಯ. ಮುದ್ರಣಾಲಯಗಳಲ್ಲಿ ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಜೋಡಿಸಿದ ಕರಪತ್ರದ ಪಠ್ಯವನ್ನು ಹಾಗೆಯೇ ತಾಣಕ್ಕೆ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಅದನ್ನು ಚಿತ್ರವಾಗಿಸಿ ಹಾಕಿದರೆ ಹುಡುಕು ಯಂತ್ರಗಳು ಅದನ್ನು ಓದುತ್ತವೆಂಬ ಭರವಸೆಯಿಲ್ಲ. ಯೂನಿಕೋಡ್‌ನಲ್ಲಿ ಟೈಪಿಸಿದ ಕನ್ನಡವೊಂದೇ ಸರಿಯಾದ ಮಾರ್ಗ.

ಇನ್ನು ಮುಖ್ಯವಾದ ವಿಷಯ ಒಡೆತನ. ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2004ರಲ್ಲಿಯೇ, ಡೊಮೈನ್ ಹೆಸರಿಗೂ ವ್ಯಾಪಾರ ಚಿಹ್ನೆಯ ಮಾದರಿಯ ಕಾನೂನು ರಕ್ಷಣೆ ಉಂಟೆಂದು ತೀರ್ಪು ನೀಡಿದೆ. ಆದರೆ ನ್ಯಾಯಾಲಯದ ಮೆಟ್ಟಿಲೇರುವುದಕ್ಕಿಂತ ಮೊದಲೇ ದಾಖಲೆ ಸರಿಪಡಿಸಿಕೊಳ್ಳುವುದು ಲೇಸು. ಡೊಮೈನ್ ಎಂಬುದು ಕ್ರಯಪತ್ರದಿಂದ ದೊರೆಯುವ ಶಾಶ್ವತ ಆಸ್ತಿಯಲ್ಲ, ಅವಧಿಗೊಮ್ಮೆ ನವೀಕರಿಸಬೇಕಾದ ಹಕ್ಕು. ಅವಧಿ ಮೀರಿ ನವೀಕರಿಸದಿದ್ದರೆ ಅದೇ ಹೆಸರು ಪ್ರತಿಸ್ಪರ್ಧಿಗಳ ಪಾಲಾಗಬಹುದು. ಆದ್ದರಿಂದ ನೋಂದಣಿಯು ಸಂಸ್ಥೆಯ ಹೆಸರಿನಲ್ಲಿ, ಮಾಲೀಕರ ಇಮೇಲ್ ಮತ್ತು ಮೊಬೈಲ್ ಸಂಖ್ಯೆಯೊಂದಿಗೆ ಇರಬೇಕು. ಬಿಲ್ಲು ಸಂಸ್ಥೆಯ ಜಿಎಸ್‌ಟಿ ಸಂಖ್ಯೆಗೆ ಬರಬೇಕು. ಅದು ಒಡೆತನಕ್ಕೊಂದು ಪುರಾವೆಯೂ ಹೌದು, ಅರ್ಹರಿಗೆ ಹೂಡುವಳಿ ತೆರಿಗೆ ಜಮೆಗೆ ಆಧಾರವೂ ಹೌದು. ಬೇರೆಯವರ ಹೆಸರಿನ ಬಿಲ್ಲು ಇವೆರಡಕ್ಕೂ ಉಪಯೋಗಕ್ಕೆ ಬಾರದು. ಮೊದಲ ವರ್ಷದ ರಿಯಾಯಿತಿ ದರವನ್ನಷ್ಟೇ ನೋಡದೆ ನವೀಕರಣದ ದರವನ್ನೂ ಕೇಳಿ ತಿಳಿಯಬೇಕು.

ಲೆಕ್ಕಪತ್ರ ಮತ್ತು ಕಾನೂನಿನ ದೃಷ್ಟಿಯಿಂದಲೂ ಒಂದೆರಡು ಅಂಶಗಳು ಗಮನಾರ್ಹ. ಮುಖ್ಯವಾಗಿ ಸ್ವಂತ ಸರಕಿನ ಪ್ರಚಾರಕ್ಕೆಂದೇ ಕಟ್ಟಿದ ತಾಣದ ವೆಚ್ಚವನ್ನು ಆಸ್ತಿಯೆಂದು ತೋರಿಸದೆ ಖರ್ಚೆಂದೇ ಬರೆಯಬೇಕೆಂಬುದು ಇಂಡ್-ಎಎಸ್ 38ರ ನಿಲುವು. ತಾಣವುಳ್ಳ ಕಂಪೆನಿಗಳು ತಮ್ಮ ಹೆಸರು, ನೋಂದಾಯಿತ ಕಚೇರಿಯ ವಿಳಾಸ, ಗುರುತಿನ ಸಂಖ್ಯೆ, ದೂರವಾಣಿ, ಇಮೇಲ್ ಹಾಗೂ ವಿಚಾರಣೆಗೆ ಸಂಪರ್ಕಿಸಬೇಕಾದ ವ್ಯಕ್ತಿಯ ಹೆಸರನ್ನು ಮುಖಪುಟದಲ್ಲಿಯೇ ಪ್ರಕಟಿಸಬೇಕೆಂದು ಕಂಪೆನಿ ನೋಂದಣಿಗೆ ಸಂಬಂಧಿಸಿದ 2014ರ ನಿಯಮಾವಳಿಯ 26ನೇ ನಿಯಮ ವಿಧಿಸುತ್ತದೆ.

ಹಾಗೆಂದು ತಜ್ಞರ ಅಗತ್ಯವೇ ಇಲ್ಲವೆಂದು ಭಾವಿಸಬಾರದು. ತಾಣದ ಮೂಲಕ ಹಣ ಸ್ವೀಕರಿಸುವಾಗ, ಗ್ರಾಹಕರ ವೈಯಕ್ತಿಕ ವಿವರ ಸಂಗ್ರಹಿಸುವಾಗ ಪರಿಣತರ ನೆರವು ಅನಿವಾರ್ಯ. ರಿಸರ್ವ್ ಬ್ಯಾಂಕಿನ ಆದೇಶದಂತೆ 2022ರ ಅಕ್ಟೋಬರ್‌ನಿಂದ ವರ್ತಕರು ಗ್ರಾಹಕರ ಕಾರ್ಡಿನ ಸಂಖ್ಯೆಯನ್ನು ತಮ್ಮಲ್ಲಿ ಇರಿಸಿಕೊಳ್ಳುವಂತಿಲ್ಲ. ಇಂತಹ ಕೆಲಸವನ್ನು ಅಧಿಕೃತ ಪಾವತಿ ಸಂಸ್ಥೆಗಳಿಗೆ ಬಿಡುವುದೇ ಕ್ಷೇಮ. ಸಹಾಯ ಪಡೆಯುವುದು ಬೇರೆ, ಒಡೆತನವನ್ನೇ ಒಪ್ಪಿಸಿಬಿಡುವುದು ಬೇರೆ.

ವಾಟ್ಸ್ಯಾಪ್, ಫೇಸ್‌ಬುಕ್ ಇರುವಾಗ ಜಾಲತಾಣವೇಕೆ ಎಂಬ ವಾದವೂ ಕೇಳಿಬರುತ್ತದೆ. ಅವು ಉಪಯುಕ್ತವೇ ಸರಿ, ಆದರೆ ಅಲ್ಲಿ ವರ್ತಕರು ಒಕ್ಕಲಿದ್ದವರು ಮಾತ್ರ. ಲಕ್ಷಾಂತರ ಜನ ಉಚಿತವಾಗಿ ಪುಟಗಳನ್ನು ಕಟ್ಟಿಕೊಂಡಿದ್ದ ಯಾಹೂ ಒಡೆತನದ ಜಿಯೋಸಿಟೀಸ್ ಸೇವೆಯು 2009ರಲ್ಲಿ ಅಮೆರಿಕದಲ್ಲಿ ಬಾಗಿಲು ಮುಚ್ಚಿತು. ಗೂಗಲ್ ಪ್ಲಸ್ 2019ರಲ್ಲಿ ಸಾಮಾನ್ಯ ಬಳಕೆದಾರರ ಪಾಲಿಗೆ ನಿಂತುಹೋಯಿತು. ಸ್ವಂತ ಡೊಮೈನ್ ಉಳ್ಳವರಾದರೆ ಒಂದು ಸೇವೆ ನಿಂತರೂ ಪ್ರತಿಯನ್ನು ಮತ್ತೊಂದೆಡೆಗೆ ಸಾಗಿಸಿ ಅದೇ ವಿಳಾಸದಲ್ಲಿ ಮುಂದುವರಿಯಬಲ್ಲರು.

ವಾಣಿಜ್ಯ ಸಂಸ್ಥೆಗಳು ಈ ದಿಶೆಯಲ್ಲಿ ಸದಸ್ಯರಿಗಾಗಿ ಕಿರು ಕಾರ್ಯಾಗಾರಗಳನ್ನು ಏರ್ಪಡಿಸುವುದು ಸೂಕ್ತ. ಅದಕ್ಕೂ ಮುನ್ನ ಪ್ರತಿಯೊಬ್ಬ ವರ್ತಕರೂ ಮಾಡಬಹುದಾದ ಕೆಲಸವೊಂದಿದೆ: ಡೊಮೈನ್ ಯಾರ ಹೆಸರಿನಲ್ಲಿದೆ, ಅವಧಿ ಎಂದು ಮುಗಿಯುತ್ತದೆ, ತಾಣದ ಪ್ರತಿ ಎಲ್ಲಿದೆ ಎಂಬ ಮೂರು ವಿವರಗಳನ್ನು ವಿಮಾ ಪಾಲಿಸಿ, ಪರವಾನಗಿಗಳ ಕಡತದಲ್ಲಿಯೇ ಬರೆದಿಡುವುದು. ಈ ಮೂರರಲ್ಲಿ ಒಂದಕ್ಕೆ ಉತ್ತರ ದೊರೆಯದಿದ್ದರೂ ನವೀಕರಣದ ದಿನದವರೆಗೆ ಕಾಯದೆ ಈಗಲೇ ಸರಿಪಡಿಸಿಕೊಳ್ಳುವುದು ಜಾಣತನ.