ಜಮೆಯಾಗದ ಕಡತಕ್ಕೆ ರಸೀದಿ ಏಕೆ?

ವಿಂಡೋಸ್ 10 ತಂತ್ರಾಂಶಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11 ಬಯಸುವ ಟಿಪಿಎಂ 2.0 ಭದ್ರತಾ ಸೌಲಭ್ಯ ಹಳೆಯ ಗಣಕಯಂತ್ರಗಳಲ್ಲಿ ಅನೇಕಕ್ಕೆ ಇಲ್ಲ. ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸಿಲ್ಲದ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಉಬುಂಟು, ಲಿನಕ್ಸ್ ಮಿಂಟ್ ಮುಂತಾದ ಪರವಾನಗಿ ಶುಲ್ಕವಿಲ್ಲದ ವ್ಯವಸ್ಥೆಗಳು ಸಹಜವಾಗಿಯೇ ಆಕರ್ಷಕವಾಗಿವೆ. ಇದು ಸ್ವಾಗತಾರ್ಹ. ಆದರೆ ಹೀಗೆ ಬದಲಾಯಿಸಿಕೊಂಡ ಕಚೇರಿಯಲ್ಲಿ ಒಂದು ಚಿಕ್ಕ ವಿಷಯ ದೊಡ್ಡ ನಷ್ಟಕ್ಕೆ ದಾರಿಯಾಗಬಲ್ಲದು. ಅದು ಪೆನ್ ಡ್ರೈವನ್ನು ಯಂತ್ರದಿಂದ ಹೊರತೆಗೆಯುವ ಕ್ರಮ.

ಲಿನಕ್ಸ್‌ನಲ್ಲಿ ಪೆನ್ ಡ್ರೈವಿಗೆ ನಕಲು ಮಾಡಿದ ಕಡತವು ಮೊದಲು ಗಣಕಯಂತ್ರದ ಸ್ಮೃತಿಯಲ್ಲಿ ಕುಳಿತುಕೊಳ್ಳುತ್ತದೆ. ಡ್ರೈವಿಗೆ ಬರೆಯುವ ಕೆಲಸ ಹಿನ್ನೆಲೆಯಲ್ಲಿ ನಿಧಾನವಾಗಿ ಸಾಗುತ್ತದೆ. ಬರೆಯದೆ ಉಳಿದ ಮಾಹಿತಿಯು ಬಿಡುವಿರುವ ಸ್ಮೃತಿಯ ಶೇಕಡಾ 20ರವರೆಗೂ ಬೆಳೆಯಲು ಕರ್ನೆಲ್‌ನ ಮೂಲ ಹೊಂದಾಣಿಕೆ ಅವಕಾಶ ನೀಡುತ್ತದೆ. 6 ಜಿಬಿ ಸ್ಮೃತಿ ಬಿಡುವಿದ್ದರೆ ಅದು ಸುಮಾರು 1.2 ಜಿಬಿ. ಸೆಕೆಂಡಿಗೆ 8 ಎಂಬಿ ಬರೆಯುವ ಅಗ್ಗದ ಡ್ರೈವಿಗೆ ಅಷ್ಟನ್ನು ಇಳಿಸಲು ಎರಡೂವರೆ ನಿಮಿಷ ಬೇಕು. ಪರದೆಯ ಮೇಲಿನ ಪಟ್ಟಿಯಾದರೋ ಅದಕ್ಕೂ ಮೊದಲೇ ತುಂಬಿ, ನಕಲು ಮುಗಿಯಿತೆಂದು ಸಾರಿರುತ್ತದೆ. ಕಡತ ಸಣ್ಣದಾದರೂ ನಿಶ್ಚಿಂತೆಯಿಲ್ಲ. ಸುಮಾರು 30 ಸೆಕೆಂಡುಗಳವರೆಗೆ ಅದು ಸ್ಮೃತಿಯಲ್ಲಿಯೇ ಉಳಿದಿರಬಹುದು. ಎಫ್‌ಎಟಿ32 ಮಾದರಿಯ ಡ್ರೈವುಗಳಿಗೆ ಬೇಗ ಬರೆಯುವ ಏರ್ಪಾಡು ಸಾಮಾನ್ಯವಾಗಿ ಇರುತ್ತದೆಯಾದರೂ, ಡ್ರೈವಿನ ಮಾದರಿ ಯಾವುದೆಂದು ಗುಮಾಸ್ತನು ನೋಡಿ ಕೀಳುವುದಿಲ್ಲ.

ಚೆಕ್ಕು ಕೈಗೆ ಬಂದೊಡನೆ ಹಣ ಬಂತೆಂದು ನಂಬಿ ಹೊಸ ಗಿರಾಕಿಗೆ ಮಾಲು ಕಳುಹಿಸುವ ವ್ಯಾಪಾರಿ ವಿರಳ. ಕ್ಲಿಯರಿಂಗ್ ಆಗುವವರೆಗೆ ಆತ ಕಾಯುತ್ತಾನೆ. ಪರದೆಯ ಆ ಪಟ್ಟಿಯು ಚೆಕ್ಕು ಪಡೆದುದಕ್ಕೆ ಕೊಟ್ಟ ಚೀಟಿ ಮಾತ್ರ. ಡ್ರೈವಿನ ಹೆಸರಿನ ಪಕ್ಕದ ಇಜೆಕ್ಟ್ ಗುರುತನ್ನು ಒತ್ತಿ, ಇನ್ನು ತೆಗೆಯಬಹುದೆಂಬ ಸೂಚನೆ ಬಂದ ಮೇಲಷ್ಟೇ ಜಮೆಯಾದಂತೆ.

ಅವಸರದಲ್ಲಿ ಕಿತ್ತ ಡ್ರೈವಿನಲ್ಲಿ ಕಡತವು ಸೊನ್ನೆ ಗಾತ್ರದ್ದಾಗಿ ಉಳಿದರೆ ಪುಣ್ಯವೆನ್ನಬೇಕು. ತಪ್ಪು ಕೂಡಲೇ ತಿಳಿಯುತ್ತದೆ. ಅಪಾಯವಿರುವುದು ಅರ್ಧ ಬರೆದ ಕಡತದಲ್ಲಿ. ಸಿಎಸ್‌ವಿ ಮಾದರಿಯ ಮಾರಾಟದ ಪಟ್ಟಿ ಅರ್ಧವಾಗಿದ್ದರೂ ಯಾವ ತಕರಾರಿಲ್ಲದೆ ತೆರೆದುಕೊಳ್ಳುತ್ತದೆ. ತಿಂಗಳ 11ರ ಗಡುವಿನ ಗಡಿಬಿಡಿಯಲ್ಲಿ ಅದನ್ನೇ ನಂಬಿ ಜಿಎಸ್‌ಟಿಆರ್-1 ಸಲ್ಲಿಸಿದರೆ, ಬಿಟ್ಟುಹೋದ ಬಿಲ್ಲುಗಳು ಖರೀದಿದಾರನ ಜಿಎಸ್‌ಟಿಆರ್-2ಬಿಯಲ್ಲಿ ಕಾಣುವುದಿಲ್ಲ. 2022ರ ಜನವರಿಯಿಂದ ಅಲ್ಲಿ ಕಾಣದ ಬಿಲ್ಲಿಗೆ ಹೂಡುವಳಿ ತೆರಿಗೆ ಜಮೆ ಪಡೆಯುವಂತಿಲ್ಲ. ಪೆನ್ ಡ್ರೈವು ಕಿತ್ತವನೊಬ್ಬ, ಗಿರಾಕಿಯ ಮಾತು ಕೇಳುವವನು ಇನ್ನೊಬ್ಬ! ಪೀಣ್ಯದಲ್ಲಿಯೋ ಬೆಳಗಾವಿಯ ಉದ್ಯಮಬಾಗ್‌ನಲ್ಲಿಯೋ ಸಿಎನ್‌ಸಿ ಯಂತ್ರ ನಡೆಸುವವರಿಗೆ ಇದು ಇನ್ನೂ ನೇರವಾದ ನಷ್ಟ. ಪ್ರೋಗ್ರಾಮಿನ ಬಾಲ ತುಂಡಾಗಿದ್ದರೆ ಯಂತ್ರವು ಜಾಬ್‌ನ ನಡುವೆಯೇ ನಿಲ್ಲಬಹುದು. ಕೆಟ್ಟ ಎರಕದ ಬೆಲೆಯನ್ನು ಯಾವ ತಂತ್ರಾಂಶವೂ ಕೊಡುವುದಿಲ್ಲ.

ಇಜೆಕ್ಟ್ ಒತ್ತಿದವರಿಗೂ ತೊಂದರೆ ತಪ್ಪಿದ್ದಲ್ಲ. ಡ್ರೈವು ಬಳಕೆಯಲ್ಲಿದೆ ಎಂಬ ಉತ್ತರ ಎಷ್ಟೋ ಬಾರಿ ಎದುರಾಗುತ್ತದೆ. ಡ್ರೈವಿನಲ್ಲಿರುವ ಕಡತವೊಂದು ಲಿಬ್ರೆಆಫೀಸ್‌ನಲ್ಲಿ ತೆರೆದೇ ಇರಬಹುದು. ಟರ್ಮಿನಲ್ ಕಿಟಕಿಯೊಂದು ಅದೇ ಕಡತಕೋಶದಲ್ಲಿ ನಿಂತಿರಬಹುದು. ಚಿತ್ರಗಳ ಕಿರುರೂಪ ಸಿದ್ಧಪಡಿಸುವ ಹಿನ್ನೆಲೆಯ ತಂತ್ರಾಂಶ ಕೆಲಸ ಮುಗಿಸಿರಲಿಕ್ಕಿಲ್ಲ. ಕಾರಣವಾದ ತಂತ್ರಾಂಶದ ಹೆಸರನ್ನು ಪರದೆ ತೋರಿಸಿದರೂ ಅದು ಸಾಮಾನ್ಯ ಸಿಬ್ಬಂದಿಗೆ ಅರ್ಥವಾಗುವ ಹೆಸರಾಗಿರುವುದು ಕಡಮೆ. ಜೊತೆಗೇ ಬಲವಂತವಾಗಿ ತೆಗೆಯುವ ಗುಂಡಿಯನ್ನೂ ಮುಂದಿಟ್ಟರೆ ಅವಸರದವನು ಅದನ್ನೇ ಒತ್ತುತ್ತಾನೆ.

ಇಂಥ ಪ್ರಸಂಗಗಳಲ್ಲಿ ಬಳಕೆದಾರನ ಅಜಾಗರೂಕತೆಯನ್ನು ದೂರುವುದು ವಾಡಿಕೆ. ಅದು ಪೂರ್ಣ ನ್ಯಾಯವಲ್ಲ. ಶೇಕಡಾವಾರು ಮಿತಿಯು ಕೆಲವೇ ಮೆಗಾಬೈಟ್ ಸ್ಮೃತಿಯಿದ್ದ ಕಾಲದ್ದೆಂದು ಲಿನಕ್ಸ್‌ನ ಜನಕ ಲೈನಸ್ ಟೋರ್ವಾಲ್ಡ್ಸ್ ಅವರೇ 2013ರಲ್ಲಿ ಒಪ್ಪಿದ್ದರು. ಆದರೂ ಕರ್ನೆಲ್‌ನ ಮೂಲ ಅಂಕಿ ಹಾಗೆಯೇ ಉಳಿದಿದೆ. ವಿಂಡೋಸ್ 10ರ 1809ನೇ ಆವೃತ್ತಿಯಲ್ಲಿ, ಅಂದರೆ 2018ರಲ್ಲಿ, ಮೈಕ್ರೋಸಾಫ್ಟ್ ಸಂಸ್ಥೆಯು ವೇಗದಲ್ಲಿ ಸ್ವಲ್ಪ ಬಿಟ್ಟುಕೊಟ್ಟು, ಹೊರಗಿನ ಡ್ರೈವುಗಳಿಗೆ ಬೇಗ ಬರೆಯುವ ಕ್ರಮವನ್ನೇ ಮೂಲ ಹೊಂದಾಣಿಕೆಯನ್ನಾಗಿ ಮಾಡಿತು. ಅದೇ ರೂಢಿಯ ಕೈಗಳು ಇಂದು ಲಿನಕ್ಸ್ ಮುಂದೆ ಕುಳಿತಿವೆ. ಪ್ರತಿ ಸಾಧನಕ್ಕೂ ಪ್ರತ್ಯೇಕ ಮಿತಿ ಹಾಕುವ ಸೌಲಭ್ಯ ಲಿನಕ್ಸ್ ಕರ್ನೆಲ್‌ನಲ್ಲಿಯೇ ಇರುವಾಗ, ವ್ಯವಸ್ಥೆಗಳನ್ನು ಸಿದ್ಧಪಡಿಸಿ ಹಂಚುವವರು ಪೆನ್ ಡ್ರೈವುಗಳ ಮಟ್ಟಿಗಾದರೂ ಅದನ್ನು ತಾವೇ ಜಾರಿಗೊಳಿಸುವುದು ಉಚಿತ. ವೇಗದ ಹೆಸರಿನಲ್ಲಿ ಸುಳ್ಳು ರಸೀದಿ ಕೊಡುವ ಪದ್ಧತಿಯನ್ನು ಯಾವ ಪೇಟೆಯೂ ಒಪ್ಪುವುದಿಲ್ಲ.

ಅಲ್ಲಿಯವರೆಗೆ, ಲಿನಕ್ಸ್ ಅಳವಡಿಸಿಕೊಡುವ ತಂತ್ರಜ್ಞರಿಂದ ಮಾಲೀಕರು ಒಂದು ಕೆಲಸವನ್ನು ಕೇಳಿ ಮಾಡಿಸಿಕೊಳ್ಳಬೇಕು. ಶೇಕಡಾವಾರು ಮಿತಿಯ ಬದಲು ಡರ್ಟಿ ಬೈಟ್ಸ್ ಎಂಬ ಹೊಂದಾಣಿಕೆಯಲ್ಲಿ 64 ಎಂಬಿಯಂತಹ ನಿಶ್ಚಿತ ಮಿತಿ ಇಟ್ಟರೆ, ಪರದೆಯ ಪಟ್ಟಿ ನಿಜಕ್ಕೆ ಬಹಳ ಹತ್ತಿರವಾಗಿ ಸಾಗುತ್ತದೆ. ಇದರಿಂದ ಇಜೆಕ್ಟ್ ಒತ್ತುವ ಅಗತ್ಯ ತಪ್ಪುವುದಿಲ್ಲ. ಇನ್ನು ಸಿಎನ್‌ಸಿ ವಿಭಾಗದವರು ಡ್ರೈವನ್ನು ತೆಗೆದು ಮತ್ತೆ ಜೋಡಿಸಿ, ಕಡತದ ಗಾತ್ರವನ್ನು ಮೂಲದೊಡನೆ ಹೋಲಿಸಿ, ಕೊನೆಯಲ್ಲಿ ಎಂ30 ಸಾಲು ಇದೆಯೇ ಎಂದು ನೋಡಿದ ನಂತರವೇ ಯಂತ್ರಕ್ಕೆ ಕೊಡುವುದು ಲೇಸು.