ನಾವು ಹೋದ ಮೇಲೆ ಯಾರು?

ಬುದ್ಧಿಮಾಂದ್ಯ ಮಕ್ಕಳ ಅಪ್ಪ-ಅಮ್ಮಂದಿರ ಜೊತೆ ಸ್ವಲ್ಪ ಹೊತ್ತು ಕೂತರೆ ಸ್ಕೂಲು, ಥೆರಪಿ, ಪೆನ್ಷನ್ನು ಎಲ್ಲ ಮುಗಿದು ಮಾತು ಒಂದೇ ಕಡೆ ಬಂದು ನಿಲ್ಲುತ್ತೆ: ನಾವು ಹೋದ ಮೇಲೆ ಯಾರು?

ಕಲಾಸಿಪಾಳ್ಯದ ನಮ್ಮ ಬೀದಿಯಲ್ಲೂ ಅಂಥ ಒಬ್ಬರು ತಾಯಿ ಇದ್ದಾರೆ. ಅವರಿಗೆ ಎಪ್ಪತ್ತು ದಾಟಿದೆ, ಮಗನಿಗೆ ಮೂವತ್ತೆಂಟು. ಸ್ನಾನ ಮಾಡಿಸೋದು, ಅನ್ನ ಕಲಸಿ ಕೊಡೋದು ಇವತ್ತಿಗೂ ಅವರೇ. "ಹತ್ತಿರದಲ್ಲೇ ನಿಮ್ಹಾನ್ಸ್ ಇದೆಯಲ್ಲ, ಸೇರಿಸಿಬಿಡಿ" ಅಂತ ಅಕ್ಕಪಕ್ಕದವರು ಸುಲಭವಾಗಿ ಹೇಳಿಬಿಡ್ತಾರೆ. ಆದರೆ ನಿಮ್ಹಾನ್ಸ್ ಆಸ್ಪತ್ರೆ, ಮನೆಯಲ್ಲ. ಬುದ್ಧಿಮಾಂದ್ಯತೆ ಕಾಯಿಲೆಯೂ ಅಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಅದನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಇನ್ನು ಸರ್ಕಾರಿ ಬಾಲಮಂದಿರ ಅಂದರೆ, ಬಾಲನ್ಯಾಯ ಕಾಯ್ದೆಯ ಲೆಕ್ಕದಲ್ಲಿ 18 ತುಂಬಿದವರು ಮಕ್ಕಳಲ್ಲ.

18 ದಾಟಿದವರಿಗೆ ಏನಿದೆ? ಕೇಂದ್ರದ 1999ರ ಕಾಯ್ದೆಯಿಂದ ಹುಟ್ಟಿದ ನ್ಯಾಷನಲ್ ಟ್ರಸ್ಟ್ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರುವವರು ಇದರ ವ್ಯಾಪ್ತಿಗೆ ಬರ್ತಾರೆ. 'ನಿರಾಮಯ' ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಸಿಗುತ್ತೆ. 'ಘರೌಂಡಾ' ಅನ್ನೋದು ವಯಸ್ಕರಿಗೆ ಜೀವನಪರ್ಯಂತ ವಾಸ, ಆರೈಕೆ ಕೊಡುವ ಉದ್ದೇಶದ ಯೋಜನೆ. ಇದನ್ನು ನಡೆಸೋದು ಟ್ರಸ್ಟಿನಲ್ಲಿ ನೋಂದಾಯಿಸಿದ ಸಂಸ್ಥೆಗಳು. ಹಾಗಾಗಿ ಸರ್ಕಾರಿ ಬೋರ್ಡಿರುವ ಕಟ್ಟಡ ಹುಡುಕೋದಕ್ಕಿಂತ ನೋಂದಾಯಿತ ಸಂಸ್ಥೆಗಳ ಪಟ್ಟಿ ನೋಡೋದು ಒಳ್ಳೆಯದು.

ಮುಂದೂಡಬಾರದ ಇನ್ನೊಂದು ಕೆಲಸ ಇದೆ. ಮಗನಿಗೋ ಮಗಳಿಗೋ 18 ತುಂಬಿದ ಮೇಲೆ ಕಾನೂನಿನ ಪ್ರಕಾರ ಪೋಷಕರನ್ನು ನೇಮಿಸಬಹುದು. ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅಪ್ಪ-ಅಮ್ಮ, ನೆಂಟರು ಅಥವಾ ನೋಂದಾಯಿತ ಸಂಸ್ಥೆ ಅರ್ಜಿ ಹಾಕಬೇಕು. ಆಸ್ತಿ ನೋಡಿಕೊಳ್ಳುವ ಪೋಷಕರು ಆರು ತಿಂಗಳೊಳಗೆ ಅದರ ಪಟ್ಟಿ ಕೊಡಬೇಕು, ವರ್ಷ ವರ್ಷ ಲೆಕ್ಕವನ್ನೂ ಒಪ್ಪಿಸಬೇಕು. "ಚಿಕ್ಕಪ್ಪ ನೋಡ್ಕೋತಾರೆ ಬಿಡಿ" ಅನ್ನೋ ಬಾಯಿಮಾತಿಗಿಂತ ಇದು ಗಟ್ಟಿ.

ಆದರೆ ಪೋಷಕರ ನೇಮಕದಿಂದ ರಾತ್ರಿ ಮಲಗೋಕೆ ಜಾಗ ಸಿಕ್ಕಂತಾಗಲಿಲ್ಲ. ಸಾರ್ವಜನಿಕ ಹಣ ಹರಿಯಬೇಕಾದದ್ದು ಇಲ್ಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಸಮುದಾಯದ ನಡುವೆ ಬದುಕುವುದು ಅವರ ಹಕ್ಕು ಅನ್ನುತ್ತೆ. ಹಾಗಿದ್ದರೆ ಊರಾಚೆಯ ದೊಡ್ಡ ಕಾಂಪೌಂಡಿಗಿಂತ ಹಳೇ ಬಡಾವಣೆಗಳ ಒಳಗೇ ಏಳೆಂಟು ಜನರ ಪುಟ್ಟ ಮನೆಗಳು ಬೇಕು. ಅವನಿಗೆ ಗೊತ್ತಿರುವ ಬಸ್ಸಿನ ಹಾರನ್ನು, ಗುರುತಿರುವ ಬೇಕರಿಯವನು, ವಾರಕ್ಕೊಮ್ಮೆ ಬಂದು ಹೋಗಬಲ್ಲ ಅಕ್ಕ, ಎಲ್ಲ ಹತ್ತಿರವೇ ಇರಬೇಕು. ಕಂಪನಿಗಳ ಸಿಎಸ್‌ಆರ್ ದುಡ್ಡು ಶುರು ಮಾಡಿಕೊಡಬಹುದು. ಆದರೆ ಇದು ಮೂವತ್ತು, ನಲವತ್ತು ವರ್ಷದ ಖರ್ಚು, ಬಜೆಟ್ಟಿನಲ್ಲೇ ಇರಬೇಕು.

ಎಲ್ಲವನ್ನೂ ಸರ್ಕಾರದ ಮೇಲೆ ಹಾಕಿ ಕೂರೋಕೂ ಆಗಲ್ಲ. ನಾಳೆ ನಿಮ್ಮ ಪಕ್ಕದ ಮನೆಯನ್ನೇ ಇಂಥವರಿಗಾಗಿ ಬಾಡಿಗೆಗೆ ಕೇಳಿದರೆ, ನೀವು ಏನಂತೀರಿ?