ಕರಗುವ ಮುನ್ನ ನೋಡಿಬರಬೇಕೆ?

ಕಳೆದ ತಿಂಗಳು ನಮ್ಮ ಧರ್ಮಕೇಂದ್ರದ ಹಿರಿಯ ದಂಪತಿಗಳು ಬಣ್ಣದ ಪುಸ್ತಿಕೆಯೊಂದನ್ನು ಹಿಡಿದು ನನ್ನ ಬಳಿ ಬಂದರು. ಮೂವತ್ತು ವರ್ಷ ಕೊಲ್ಲಿ ರಾಷ್ಟ್ರದಲ್ಲಿ ದುಡಿದು, ಮಕ್ಕಳನ್ನು ದಡ ಸೇರಿಸಿ, ಊರಿಗೆ ಮರಳಿ ನೆಲೆಸಿರುವ ಜೀವಗಳು. ಬರುವ ವರ್ಷ ಅವರ ವಿವಾಹಕ್ಕೆ ನಲವತ್ತು ತುಂಬುತ್ತದೆ. ಆ ಸಂಭ್ರಮಕ್ಕೆ ಮಕ್ಕಳು ಅಂಟಾರ್ಕ್ಟಿಕಕ್ಕೆ ವಿಹಾರನೌಕೆಯ ಪ್ರವಾಸವನ್ನು ಏರ್ಪಡಿಸಲು ಹೊರಟಿದ್ದಾರೆ. "ಫಾದರ್, ಮುಂಗಡ ಕಟ್ಟುವ ಮೊದಲು ನಿಮ್ಮದೊಂದು ಆಶೀರ್ವಾದ ಇರಲಿ" ಎಂದರು. ಪುಸ್ತಿಕೆಯ ಮುಖಪುಟದಲ್ಲಿ ನೀಲಿ ಛಾಯೆಯ ನೀರ್ಗಲ್ಲು, ಅದರೆದುರು ಪೆಂಗ್ವಿನ್‌ಗಳ ಸಾಲು. ಕೆಳಗೆ, ಎಲ್ಲವೂ ಕರಗಿಹೋಗುವ ಮುನ್ನ ನೋಡಿಬನ್ನಿ ಎಂಬ ಆಹ್ವಾನ. ಆಶೀರ್ವಾದವನ್ನೇನೋ ಕೊಟ್ಟೆ, ಅದು ಅವರಿಬ್ಬರಿಗೆ, ಪ್ರಯಾಣಕ್ಕಲ್ಲ. ಅಂದು ಎದುರೆದುರು ಹೇಳಲು ನಾಲಿಗೆ ಏಳದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆಯುತ್ತೇನೆಂದು ಅವರಿಗೆ ತಿಳಿಸಿಯೇ ಬರೆಯುತ್ತಿದ್ದೇನೆ.

ಪ್ರಿಯ ಓದುಗರೇ, ಇದು ಕೋಟ್ಯಧೀಶರ ವ್ಯವಹಾರ, ನಮಗೇಕೆ ಎನ್ನದಿರಿ. ಲಾರ್ಸ್ ಎರಿಕ್ ಲಿಂಡ್‌ಬ್ಲಾಡ್ ಎಂಬ ಸಾಹಸಿ 1966ರಲ್ಲಿ ಹಡಗೊಂದನ್ನು ಬಾಡಿಗೆಗೆ ಹಿಡಿದು ಪ್ರವಾಸಿಗರ ತಂಡವೊಂದನ್ನು ದಕ್ಷಿಣದ ಆ ಹಿಮಖಂಡಕ್ಕೆ ಕರೆದೊಯ್ದಾಗ ಅದು ಅಪರೂಪದ ಸಂಗತಿಯಾಗಿತ್ತು. 1992-93ರ ಬೇಸಿಗೆಯಲ್ಲಿ ಅಲ್ಲಿಗೆ ಹೋದವರು ಸುಮಾರು 6,700 ಮಂದಿ. 2023-24ರಲ್ಲಿ ಆ ಸಂಖ್ಯೆ 1,20,000ವನ್ನು ದಾಟಿತು. ಒಬ್ಬರಿಗೆ ಹತ್ತು ಲಕ್ಷ ರೂಪಾಯಿ ಮೀರುವುದು ಸಾಮಾನ್ಯವಾದರೂ, ಒಂದು ಮನೆ ಮಾರಿ ಇನ್ನೊಂದು ಕೊಂಡ ಉಳಿಕೆಯಲ್ಲಿ, ನಿವೃತ್ತಿಯ ಗಂಟಿನಲ್ಲಿ ಅದನ್ನು ಹೊಂದಿಸಬಲ್ಲ ಕುಟುಂಬಗಳು ಇಂದು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇವೆ. ಪುಸ್ತಿಕೆ ನಮ್ಮ ಮನೆಬಾಗಿಲಿಗೆ ಬಂದದ್ದು ಅದಕ್ಕಾಗಿಯೇ.

ಆ ಪ್ರವಾಸಕ್ಕೆ ಎಷ್ಟೊಂದು ಸಿದ್ಧತೆ! ಹೋಗಬೇಕಾದ್ದು ನವೆಂಬರ್‌ನಿಂದ ಮಾರ್ಚ್‌ವರೆಗಿನ ಅಲ್ಲಿನ ಬೇಸಿಗೆಯಲ್ಲಿ. ಅರ್ಜೆಂಟೀನಾದ ದಕ್ಷಿಣದ ತುದಿಯಲ್ಲಿರುವ ಉಶುವಾಯಾ ಪಟ್ಟಣದವರೆಗೆ ವಿಮಾನದಲ್ಲಿ, ಅಲ್ಲಿಂದ ಕರುಳನ್ನು ಬಾಯಿಗೆ ತರಿಸುವ ಡ್ರೇಕ್ ಜಲಮಾರ್ಗದಲ್ಲಿ ಎರಡು ದಿನ. ಐನೂರಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗಿನವರು ದಡಕ್ಕೆ ಇಳಿಯುವಂತಿಲ್ಲ. ಒಂದು ತಾಣದಲ್ಲಿ ಒಮ್ಮೆಗೆ ನೂರು ಜನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಪೆಂಗ್ವಿನ್‌ಗಳಿಂದ ಐದು ಮೀಟರ್ ದೂರವಿರಬೇಕು. ಪರವೂರಿನ ಹುಲ್ಲಿನ ಬೀಜವೊಂದು ಅಲ್ಲಿ ಬೀಳಬಾರದೆಂದು ಜೇಬಿನ ಮೂಲೆ, ಚೀಲದ ಹೊಲಿಗೆಗಳನ್ನೂ ಯಂತ್ರದಿಂದ ಹೀರಿ ಶುಚಿಗೊಳಿಸುತ್ತಾರೆ. ಬೂಟುಗಳನ್ನು ಔಷಧದ ನೀರಿನಲ್ಲಿ ಅದ್ದಿಸುತ್ತಾರೆ. ಈ ಶಿಸ್ತನ್ನು ನಾನು ಮನಸಾರೆ ಗೌರವಿಸುತ್ತೇನೆ. ನಮ್ಮ ಯಾತ್ರಾಸ್ಥಳಗಳಲ್ಲಿ ಇದರ ಹತ್ತರಲ್ಲೊಂದು ಪಾಲು ಇದ್ದಿದ್ದರೂ ಹಬ್ಬದ ಮರುದಿನ ಗುಡಿಸುವವರ ಬೆನ್ನು ಉಳಿಯುತ್ತಿತ್ತು.

ಆದರೆ ಬೂಟಿನಡಿಯ ಬೀಜವನ್ನು ತಡೆದವರು ಹಡಗಿನ ಚಿಮಣಿಯ ಮಸಿಯನ್ನು ತಡೆದಿದ್ದಾರೆಯೆ? ಭಾರೀ ಇಂಧನತೈಲವನ್ನು ಅಂಟಾರ್ಕ್ಟಿಕದ ಕಡಲಿನಲ್ಲಿ 2011ರಲ್ಲಿಯೇ ನಿಷೇಧಿಸಲಾಗಿದೆ, ನಿಜ. ಹಗುರವಾದ ತೈಲವೂ ಉರಿಯುವಾಗ ಮಸಿಯನ್ನು ಉಗುಳುತ್ತದೆ. ಬಿಸಿಲಿಗೆ ಕಪ್ಪು ಕೊಡೆ ಹಿಡಿದು ನಡೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಿಳಿಯ ಹಿಮ ಸೂರ್ಯನ ಶಾಖವನ್ನು ಮರಳಿ ಆಕಾಶಕ್ಕೆ ಎಸೆಯುತ್ತದೆ. ಅದರ ಮೇಲೆ ಮಸಿಯ ಕಣ ಕುಳಿತರೆ ಅದೇ ಶಾಖವನ್ನು ಹೀರಿಕೊಂಡು ಕರಗುತ್ತದೆ. ಚಿಲಿಯ ಸಂಶೋಧಕರ ನೇತೃತ್ವದಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು, 2016ರಿಂದ 2020ರ ನಡುವೆ ಅಲ್ಲಿಗೆ ಬಂದ ಪ್ರತಿಯೊಬ್ಬ ಪ್ರವಾಸಿಯ ಪಾಲಿಗೆ ಸುಮಾರು 83 ಟನ್ ಹಿಮ ಬೇಗನೆ ಕರಗುತ್ತದೆಂದು ಅಂದಾಜಿಸಿದೆ. ಹತ್ತು ಟನ್ ಹೊರುವ ಲಾರಿಗಳಲ್ಲಿ ತುಂಬಿದರೆ ತಲಾ ಎಂಟು ಲಾರಿ ತುಂಬಿ ಇನ್ನೂ ಮಿಗುವಷ್ಟು. ದಂಪತಿಗಳಿಬ್ಬರು ಹೋದರೆ ಹದಿನಾರು ಲಾರಿ. ಭಾರತದಿಂದ ಭೂಗೋಳದ ಆಚೆಯ ಬದಿಗೆ ಹೋಗಿಬರುವ ವಿಮಾನದ ಹೊಗೆಯ ಲೆಕ್ಕ ಬೇರೆಯೇ ಇದೆ.

ಕರಗುವ ಮುನ್ನ ನೋಡಿಬನ್ನಿ ಎಂಬ ಮಾತು ನನ್ನನ್ನು ಕಾಡುವುದು ಇಲ್ಲಿಯೇ. ಗುರುವಾಗಿ ಇಪ್ಪತ್ತೈದಕ್ಕೂ ಮಿಕ್ಕಿದ ವರ್ಷಗಳಲ್ಲಿ ನಾನು ಎಷ್ಟೋ ಮರಣಶಯ್ಯೆಗಳ ಪಕ್ಕದಲ್ಲಿ ನಿಂತಿದ್ದೇನೆ. ಕೊನೆಯ ಗಳಿಗೆಯಲ್ಲಿರುವವರನ್ನು ಕಾಣಲು ನಮ್ಮ ಜನ ಹೇಗೆ ಬರುತ್ತಾರೆಂಬುದನ್ನು ನೀವೂ ಬಲ್ಲಿರಿ. ಚಪ್ಪಲಿಯನ್ನು ಹೊರಗೆ ಬಿಟ್ಟು, ದನಿಯನ್ನು ತಗ್ಗಿಸಿ, ಕೈಯನ್ನು ಮೆಲ್ಲನೆ ಮುಟ್ಟಿ ಹೊರಟುಬಿಡುತ್ತಾರೆ. ಉಸಿರಾಡಲು ಕಷ್ಟಪಡುತ್ತಿರುವ ಅಜ್ಜಿಯ ಕೋಣೆಗೆ ಜನ ತುಂಬಿಕೊಂಡರೆ ಮನೆಯ ಹಿರಿಯರೇ ಎದ್ದು, ಗಾಳಿಯಾಡಲಿ, ಹೊರಗೆ ಬನ್ನಿ ಎನ್ನುತ್ತಾರೆ. ಅಂಥ ಕೋಣೆಯ ಬಾಗಿಲಲ್ಲಿ ಯಾರಾದರೂ ಟಿಕೇಟು ಹರಿಯುತ್ತಾ, ಇವರು ಹೆಚ್ಚು ದಿನ ಉಳಿಯುವುದಿಲ್ಲ, ಈಗಲೇ ನೋಡಿ, ಒಳಗೆ ಸೀಮೆಎಣ್ಣೆ ಒಲೆಯ ಮೇಲೆ ನಿಮಗಾಗಿ ಚಹಾ ಕಾಯುತ್ತಿದೆ ಎಂದರೆ ನಾವು ಅವನನ್ನು ಏನೆಂದು ಕರೆಯುತ್ತಿದ್ದೆವು? ಇಲ್ಲಿ ಮಾರಾಟಕ್ಕಿರುವುದು ಬರಿಯ ಹಿಮವಲ್ಲ, ಅದರ ಸಾವು. ಮತ್ತು ಕೊಳ್ಳುವವನ ಹಣವೇ ಆ ಸಾವನ್ನು ಒಂದಿಷ್ಟು ಹತ್ತಿರಕ್ಕೆ ತರುತ್ತದೆ.

ಉತ್ತರ ಧ್ರುವದ ಕಡೆಗೆ ತಿರುಗಿದರೆ ಈ ವಿಪರ್ಯಾಸ ಇನ್ನೂ ಢಾಳಾಗಿ ಕಾಣುತ್ತದೆ. ಕೆನಡಾದ ಮೇಲ್ಭಾಗದಲ್ಲಿ ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಸಾಗರಗಳನ್ನು ಜೋಡಿಸುವ ವಾಯವ್ಯ ಮಾರ್ಗವನ್ನು ಹುಡುಕುತ್ತಾ ಶತಮಾನಗಳ ಕಾಲ ನಾವಿಕರು ಪ್ರಾಣ ತೆತ್ತರು. 2016ರ ಆಗಸ್ಟ್‌ನಲ್ಲಿ ಕ್ರಿಸ್ಟಲ್ ಸೆರೆನಿಟಿ ಎಂಬ ಐಷಾರಾಮಿ ಹಡಗು ಸಾವಿರದಷ್ಟು ಪ್ರಯಾಣಿಕರೊಡನೆ ಅಲಾಸ್ಕಾದಿಂದ ಹೊರಟು, ಮುವ್ವತ್ತೆರಡು ದಿನಗಳಲ್ಲಿ ನ್ಯೂಯಾರ್ಕನ್ನು ತಲುಪಿತು. ದಾರಿ ತೆರೆದುಕೊಂಡದ್ದು ಯಾರ ಶೌರ್ಯದಿಂದಲೂ ಅಲ್ಲ. ಹಿಮ ಹಿಂದೆ ಸರಿದಿದ್ದರಿಂದ. ನಡುವೆ ಹಡಗು ನಿಂತ ಊರುಗಳಲ್ಲಿ ಉಲುಖಾಕ್ತೋಕ್ ಎಂಬ ಇನುಯಿಟ್ ಜನರ ಹಳ್ಳಿಯೂ ಒಂದು. ಅಲ್ಲಿನ ಜನಸಂಖ್ಯೆ ಸುಮಾರು 400. ಒಂದು ಹಳ್ಳಿಗೆ ಅದರ ಎರಡು ಪಟ್ಟಿಗಿಂತ ಹೆಚ್ಚು ಅತಿಥಿಗಳು! ಹಳ್ಳಿಯವರು ಅವರನ್ನು ಆದರದಿಂದ ಬರಮಾಡಿಕೊಂಡರು, ತಮ್ಮ ಕೈಕೆಲಸದ ವಸ್ತುಗಳನ್ನು ಮಾರಿದರು. ಅವರ ಪಾಲಿಗೆ ಅದು ಒಳ್ಳೆಯ ದಿನವೇ ಇರಬೇಕು. ಅತಿಥಿಗಳು ಮಾತ್ರ ಮರುದಿನ ಹೊರಟುಬಿಡುತ್ತಾರೆ. ತೆಳುವಾದ ಹಿಮದ ಮೇಲೆ ಬೇಟೆಗೆ ಕಾಲಿಡಬೇಕಾದವರು ಊರಿನವರು. ಕರಡಿಗೂ ಇದೇ ಪಾಡು. 2018ರಲ್ಲಿ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಸಮೂಹದಲ್ಲಿ, ಪ್ರವಾಸಿಗರಿಗಾಗಿ ದಡವನ್ನು ಪರೀಕ್ಷಿಸಲು ಇಳಿದ ಕಾವಲುಗಾರನ ಮೇಲೆ ಹಿಮಕರಡಿಯೊಂದು ಎರಗಿತು. ಅದನ್ನು ಗುಂಡಿಟ್ಟು ಕೊಂದರು. ಕಾವಲುಗಾರನನ್ನು ಉಳಿಸಬೇಕಾಗಿತ್ತು, ಒಪ್ಪಿದೆ. ಕರಡಿ ಇದ್ದದ್ದು ಅದರ ಮನೆಯಲ್ಲಿ ಎಂಬುದನ್ನೂ ಒಪ್ಪಬೇಕಲ್ಲವೇ?

ಅಪಾಯದ ಮಾತನ್ನು ಹೆಚ್ಚು ಬೆಳೆಸಲಾರೆ. 2007ರ ನವೆಂಬರ್ 23ರಂದು ಎಕ್ಸ್‌ಪ್ಲೋರರ್ ಎಂಬ ಹಡಗು ಹಿಮಕ್ಕೆ ಬಡಿದು ಅಂಟಾರ್ಕ್ಟಿಕದ ಬಳಿ ಮುಳುಗಿತು. ಅದು ಲಿಂಡ್‌ಬ್ಲಾಡರೇ ಕಟ್ಟಿಸಿದ ಹಡಗು. ಸಮೀಪದಲ್ಲಿ ಇನ್ನೊಂದು ಪ್ರವಾಸಿ ನೌಕೆ ಇದ್ದುದರಿಂದ 154 ಮಂದಿಯೂ ಬದುಕಿಕೊಂಡರು. 2023ರ ಸೆಪ್ಟೆಂಬರ್‌ನಲ್ಲಿ ಗ್ರೀನ್‌ಲ್ಯಾಂಡಿನ ಈಶಾನ್ಯದಲ್ಲಿ 206 ಮಂದಿಯಿದ್ದ ಹಡಗು ಕೆಸರಿಗೆ ಸಿಕ್ಕಿಕೊಂಡಾಗ, ಅದನ್ನು ಎಳೆದು ಬಿಡಿಸಿದ್ದು ಮೀನುಗಳ ಅಧ್ಯಯನಕ್ಕೆಂದು ಇರುವ ನೌಕೆ. ತಮ್ಮ ಕೆಲಸ ಬಿಟ್ಟು ಇತರರು ಓಡಿಬರುತ್ತಾರೆಂಬ ಭರವಸೆಯೂ ಟಿಕೇಟಿನ ಬೆಲೆಯಲ್ಲಿ ಸೇರಿದೆಯೋ ಏನೋ!

ದೇಶ ಸುತ್ತು, ಕೋಶ ಓದು ಎಂದು ಹಿರಿಯರೇ ಹೇಳಿಲ್ಲವೇ ಎಂದು ನೀವು ಕೇಳಬಹುದು. ಹೇಳಿದ್ದಾರೆ. ಆ ಹಿರಿಯರು ದೇಶ ಸುತ್ತಿದ್ದು ಜನರನ್ನು ಕಾಣಲು, ನಾಲ್ಕು ಮನೆಯ ಊಟ ಉಂಡು ನಾಲ್ಕು ಭಾಷೆ ಕಲಿಯಲು. ಕಣ್ಣಾರೆ ಕಂಡವರೇ ಹಿಮದ ರಾಯಭಾರಿಗಳಾಗುತ್ತಾರೆ, ಕಾಣದ್ದನ್ನು ಯಾರೂ ಕಾಪಾಡುವುದಿಲ್ಲ ಎಂಬುದು ಪ್ರವಾಸ ನಡೆಸುವವರ ವಾದ. ಹಾಗಿದ್ದರೆ ಈವರೆಗೆ ಹೋಗಿಬಂದ ಲಕ್ಷಾಂತರ ರಾಯಭಾರಿಗಳ ಕೆಲಸ ಎಲ್ಲಿ ಕಾಣುತ್ತದೆ? ಹೋಗಿಬಂದ ಒಬ್ಬರು ನನಗೆ ಒಂದೂವರೆ ಗಂಟೆ ಚಿತ್ರಗಳನ್ನು ತೋರಿಸಿದರು. ಕೊನೆಗೆ ಕೇಳಿದ್ದು, ಮುಂದಿನ ಸಲ ಉತ್ತರಕ್ಕೆ ಹೋಗಲು ಯಾವ ತಿಂಗಳು ಒಳ್ಳೆಯದು ಎಂದು. ಇತ್ತ, ಓಜೋನ್ ಪದರದ ರಂಧ್ರವನ್ನು 1985ರಲ್ಲಿ ಲೋಕಕ್ಕೆ ತಿಳಿಸಿದವರು ಅಂಟಾರ್ಕ್ಟಿಕದ ಹ್ಯಾಲಿ ನೆಲೆಯಲ್ಲಿ ವರ್ಷಗಟ್ಟಲೆ ಅಳತೆ ಮಾಡಿದ ವಿಜ್ಞಾನಿಗಳು. ಎರಡೇ ವರ್ಷಗಳಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. ಓಜೋನನ್ನು ಕಾಪಾಡಲು ಯಾರೂ ಅದನ್ನು ನೋಡಲು ಹೋಗಬೇಕಾಗಲಿಲ್ಲ. ವಿಜ್ಞಾನಿಗಳ ನೆಲೆಗಳೂ ಮಸಿ ಉಗುಳುತ್ತವೆ. ನಾನು ಹೇಳಿದ ಅಧ್ಯಯನ ಅವುಗಳನ್ನೂ ಬಿಟ್ಟಿಲ್ಲ. ಆದರೆ ಅಲ್ಲಿ ಉರಿದ ತೈಲಕ್ಕೆ ಪ್ರತಿಯಾಗಿ ಮನುಕುಲಕ್ಕೆ ಒಂದು ಉತ್ತರ ಸಿಗುತ್ತದೆ. ನಮ್ಮವರನ್ನೂ ನಾನು ಬಿಡಲಾರೆ. 2025ರ ಅಕ್ಟೋಬರ್‌ನಲ್ಲಿ ರೋಮ್ ಸಮೀಪದ ಸಭೆಗೆ ಗ್ರೀನ್‌ಲ್ಯಾಂಡಿನಿಂದ ನೀರ್ಗಲ್ಲಿನ ತುಂಡೊಂದನ್ನು ತರಲಾಗಿತ್ತು. ಜಗದ್ಗುರು ಹದಿನಾಲ್ಕನೆಯ ಲಿಯೋ ಅದರ ಮೇಲೆ ಕೈಯಿಟ್ಟು ಆಶೀರ್ವದಿಸಿದರು. ಸಂಕೇತ ಮನಮುಟ್ಟುವಂಥದ್ದೇ, ಆದರೂ ಅದನ್ನು ಅಷ್ಟು ದೂರ ಹೊತ್ತು ತರಬೇಕಿತ್ತೆ ಎಂದು ನನಗನ್ನಿಸಿತು.

ಒಂದು ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಗೋವೆಯ, ನಮ್ಮ ಕರಾವಳಿಯ ಎಷ್ಟೋ ತರುಣರು ಇಂಥ ಹಡಗುಗಳಲ್ಲಿ ದುಡಿಯುತ್ತಾರೆ. ಹಿಂದೆ ನಾನಿದ್ದ ಧರ್ಮಕೇಂದ್ರದ ಹುಡುಗನೊಬ್ಬ ಎರಡು ಸಲ ಅಂಟಾರ್ಕ್ಟಿಕಕ್ಕೆ ಹೋದವನು. ಕೆಲಸ ಬಟ್ಟೆ ಒಗೆಯುವ ವಿಭಾಗದಲ್ಲಿ. ಹಿಮ ಹೇಗಿತ್ತಪ್ಪಾ ಎಂದು ಕೇಳಿದೆ. "ಹಾಳೆಗಳನ್ನು ಮಡಿಸುವಾಗ ಕಿಟಕಿಯಲ್ಲಿ ಸ್ವಲ್ಪ ಕಂಡಿತು ಫಾದರ್" ಎಂದ. ಆ ಸಂಬಳದಿಂದ ಅವನ ತಂಗಿ ನರ್ಸಿಂಗ್ ಓದಿದ್ದಾಳೆ. ಪ್ರವಾಸ ನಿಲ್ಲಲಿ ಎಂದು ನಾನು ಬರೆಯುವಾಗ ಅವನ ತಾಯಿಯ ಮುಖ ಕಣ್ಣೆದುರು ಬರುತ್ತದೆ. ಹಡಗುಗಳಿಗೆ ಹೋಗಲು ಬೇರೆ ಸಮುದ್ರಗಳಿವೆ ಎಂದಷ್ಟೇ ಹೇಳಬಲ್ಲೆ. ಅದು ಅರ್ಧ ಉತ್ತರವೆಂದು ನನಗೂ ಗೊತ್ತು.

1959ರ ಅಂಟಾರ್ಕ್ಟಿಕ ಒಪ್ಪಂದವಾಗಲಿ, ಗಣಿಗಾರಿಕೆಯನ್ನು ನಿಷೇಧಿಸಿದ 1991ರ ಮ್ಯಾಡ್ರಿಡ್ ಒಡಂಬಡಿಕೆಯಾಗಲಿ ವರ್ಷಕ್ಕೆ ಇಷ್ಟೇ ಪ್ರವಾಸಿಗರು ಎಂದು ಗೆರೆ ಎಳೆದಿಲ್ಲ. 2024ರ ಮೇ ತಿಂಗಳಲ್ಲಿ ನಮ್ಮ ನೆರೆಯ ಕೊಚ್ಚಿಯಲ್ಲಿಯೇ ಒಪ್ಪಂದದ ರಾಷ್ಟ್ರಗಳು ಸೇರಿ ಪ್ರವಾಸೋದ್ಯಮಕ್ಕೆ ಚೌಕಟ್ಟು ರೂಪಿಸುವ ಚರ್ಚೆ ನಡೆಸಿದವು. ಅಲ್ಲಿ ಎಲ್ಲರೂ ಒಪ್ಪದೆ ಯಾವ ತೀರ್ಮಾನವೂ ಆಗದು. ಅವರು ಗೆರೆ ಎಳೆಯುವವರೆಗೆ ಗೆರೆ ಎಳೆಯುವ ಅಧಿಕಾರ ಮುಂಗಡ ಕಟ್ಟುವವರ ಕೈಯಲ್ಲಿಯೇ ಇದೆ, ನಿಮ್ಮ ಕೈಯಲ್ಲಿ.

ಆ ದಂಪತಿಗಳು ಪುಸ್ತಿಕೆಯನ್ನು ನನ್ನ ಮೇಜಿನ ಮೇಲೆಯೇ ಬಿಟ್ಟುಹೋಗಿದ್ದಾರೆ. ಮರೆತರೋ, ಬೇಕೆಂದೇ ಬಿಟ್ಟರೋ ತಿಳಿಯದು. ಮುಂಗಡ ಕಟ್ಟಲು ಈ ತಿಂಗಳ ಕೊನೆಯವರೆಗೆ ಸಮಯವಿದೆಯಂತೆ.